ಬಿಸಿಲೇರಿದಾಗ ಕೈಕೊಡುತ್ತಿದ್ದ ಬ್ಯಾಟರಿ

ನಮ್ಮ ಮನೆಯ ಸೋಲಾರ್ ಬ್ಯಾಟರಿಯ ಮೇಲೆ ನನಗೆ ಅನುಮಾನ ಬಂದದ್ದು ಅದನ್ನು ಕೂರಿಸಿದ ಒಂಬತ್ತನೆಯ ದಿನ. ಮಧ್ಯಾಹ್ನ ಹನ್ನೆರಡೂವರೆ ಇರಬೇಕು, ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲು. ಊರಿನ ಕರೆಂಟು ಹನ್ನೊಂದಕ್ಕೇ ಹೋಗಿತ್ತು. ನಮ್ಮನೆಯಲ್ಲಿ ಮಾತ್ರ ಫ್ರಿಜ್ಜು, ಫ್ಯಾನು ಎಲ್ಲವೂ ನಡೆಯುತ್ತಿದ್ದವು. ನಾನು ಮಿಕ್ಸಿಗೆ ಕಾಯಿ ಹಾಕಿ ನಿಂತಿದ್ದೆ. ಇದ್ದಕ್ಕಿದ್ದಂತೆ ಹಿಂದಿನ ಕೋಣೆಯಲ್ಲಿ ಇನ್ವರ್ಟರ್ ಕೀ ಎಂದು ಕೂಗಿಕೊಂಡಿತು. ಮಿಕ್ಸಿ ನಿಂತಿತು. ದಾಬಸ್‌ಪೇಟೆಯ ಗೋಡೌನಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನನ್ನ ಗಂಡ, ಫ್ಯಾನು ನಿಂತದ್ದಕ್ಕೆ ಎಚ್ಚರವಾಗಿ, ಬೆವರೊರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

"ಏನೇ ಇದು? ಕರೆಂಟ್ ಹೋದ್ರೂ ಫ್ಯಾನ್ ನಿಲ್ಲಲ್ಲ ಅಂದಿದ್ನಲ್ಲ ನಿನ್ನಳಿಯ?"

ಬ್ಯಾಟರಿ ಹಾಕಿಕೊಟ್ಟವನು ಅವರ ಸ್ವಂತ ಅಕ್ಕನ ಮಗ. ಕೆಲಸ ಚೆನ್ನಾಗಿ ಆಗಿದ್ದಾಗ ಅವನು 'ನಮ್ಮಕ್ಕನ ಮಗ', ಕೆಟ್ಟಾಗ 'ನಿನ್ನಳಿಯ'. ಅವನಿಗೆ ಮೂವತ್ತೈದು ದಾಟಿದೆ, ಇಬ್ಬರು ಮಕ್ಕಳಿದ್ದಾರೆ. ಸೋಂಪುರದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದವನು ಅದನ್ನು ಬಿಟ್ಟು, ಮೂರು ವರ್ಷದಿಂದ ಸುತ್ತಲ ಊರುಗಳಲ್ಲಿ ಮನೆಗಳಿಗೆ ಸೋಲಾರ್ ಹಾಕಿಕೊಡುತ್ತಿದ್ದಾನೆ. ಹಗಲಲ್ಲಿ ಪ್ಯಾನೆಲ್ಲಿನಿಂದ ಬ್ಯಾಟರಿ ತುಂಬುತ್ತದೆ, ಕರೆಂಟು ಹೋದರೆ ಬ್ಯಾಟರಿಯಿಂದ ಮನೆ ನಡೆಯುತ್ತದೆ, ನೀರು ತುಂಬಿಸುವ ಹಳೇ ಕಾಲದ ಬ್ಯಾಟರಿ ಅಲ್ಲ, ನೀವು ಕಣ್ಣೆತ್ತಿಯೂ ನೋಡಬೇಕಾಗಿಲ್ಲ ಎಂದು ಹೇಳಿದ್ದ.

ಕಣ್ಣೆತ್ತಿ ನೋಡದೆ ಇರುವುದು ನನ್ನಿಂದಾಗದ ಕೆಲಸ. ಹತ್ತೊಂಬತ್ತು ವರ್ಷದಿಂದ ನಮ್ಮೂರ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ಬೆಳಿಗ್ಗೆ ಸಂಜೆ ಸಾಲಿನಲ್ಲಿ ನಿಂತವರ ಕ್ಯಾನಿನಿಂದ ಒಂದು ಸೌಟು ಹಾಲು ತೆಗೆದು, ಮಷಿನ್ನಿಗೆ ಕೊಡುವ ಮೊದಲೇ ಬಣ್ಣ ನೋಡಿ, ಸೌಟಿನ ಅಂಚಿನಿಂದ ಜಾರುವ ರೀತಿ ನೋಡಿ, ನೀರು ಬೆರೆತಿದೆಯೋ ಇಲ್ಲವೋ ಹೇಳಬಲ್ಲೆ. ಹಾಲು ನೋಡಿದ ಮೇಲೆ ತಂದವರ ಮುಖ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಬಹಳ ಸಲ ಮುಖವೇ ಮೊದಲು ಹೇಳುತ್ತದೆ. ಈ ಅಭ್ಯಾಸ ಡೈರಿಯ ಬಾಗಿಲಲ್ಲಿ ಬಿಟ್ಟು ಬರುವಂಥದ್ದಲ್ಲ. ಮನೆಗೂ ಬರುತ್ತದೆ, ಮದುವೆ ಮುಂಜಿಗೂ ಬರುತ್ತದೆ.

ಆವತ್ತು ಇನ್ವರ್ಟರ್ ಐದಾರು ನಿಮಿಷ ಬಿಟ್ಟು ತಾನಾಗಿಯೇ ಶುರುವಾಯಿತು. ಅಳಿಯನಿಗೆ ಫೋನ್ ಮಾಡಿದೆ.

"ಹೊಸದಲ್ವಾ ಅತ್ತೆ, ಸೆಟ್ ಆಗೋಕೆ ಸ್ವಲ್ಪ ದಿನ ತಗೊಳುತ್ತೆ" ಎಂದ.

ಬ್ಯಾಟರಿ ಏನು ಹೊಸ ಸೊಸೆಯೇ, ಹೊಂದಿಕೊಳ್ಳಲು ದಿನ ಬೇಕಾಗುವುದಕ್ಕೆ? ಎಂದುಕೊಂಡು ಫೋನಿಟ್ಟೆ.

ಮರುದಿನವೂ ಅದೇ ಹೊತ್ತಿಗೆ ನಿಂತಿತು. ಅದರ ಮರುದಿನ ಊರಿನ ಕರೆಂಟು ಹೋಗಲಿಲ್ಲ, ಹಾಗಾಗಿ ಏನೂ ತಿಳಿಯಲಿಲ್ಲ. ಆಮೇಲೆರಡು ದಿನ ಮೋಡ ಕವಿದಿತ್ತು. ಇವತ್ತು ಬಿಸಿಲಿಲ್ಲ, ಖಂಡಿತ ಕೈಕೊಡುತ್ತದೆ ಎಂದುಕೊಂಡು ಮಿಕ್ಸಿ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸಿದ್ದೆ. ಮಧ್ಯಾಹ್ನವೆಲ್ಲ ಕರೆಂಟು ಇರಲಿಲ್ಲ, ಬ್ಯಾಟರಿ ಒಂದು ಸಲವೂ ನಿಲ್ಲಲಿಲ್ಲ. ಮತ್ತೆ ಚುರುಕು ಬಿಸಿಲು ಬಂತು, ಮತ್ತೆ ನಿಂತಿತು. ಬಿಸಿಲಿಗೆಂದೇ ಮಾಡಿದ ಸಾಮಾನು ಬಿಸಿಲಿದ್ದಾಗ ಕೆಡುತ್ತದೆ, ಮೋಡವಿದ್ದಾಗ ನೆಟ್ಟಗಿರುತ್ತದೆ. ಇದನ್ನು ಗಂಡನಿಗೆ ಹೇಳಿದರೆ ನಕ್ಕರು. "ನಿಂಗೆ ಎಲ್ಲದ್ರಲ್ಲೂ ನೀರು ಬೆರೆಸಿರೋದೇ ಕಾಣುತ್ತೆ" ಎಂದರು.

ಎರಡನೆಯ ಸಲ ಫೋನ್ ಮಾಡಿದ ಮೇಲೆ ಅಳಿಯ ಬಂದ. ಚಪ್ಪಲಿ ಬಿಟ್ಟು ನೇರ ಹಿಂದಿನ ಕೋಣೆಗೆ ಹೋದ. ನಾನು ಮಜ್ಜಿಗೆ ಹಿಡಿದುಕೊಂಡು ಹಿಂದೆಯೇ ಹೋದೆ. ಇನ್ವರ್ಟರಿನ ಮುಂದೆ ನನಗೆ ಬೆನ್ನು ಹಾಕಿ ನಿಂತಿದ್ದ. ಗುಂಡಿ ಒತ್ತುವ ಸದ್ದು ನಾಲ್ಕೈದು ಸಲ ಕೇಳಿತು. ನಾನು ಪಕ್ಕಕ್ಕೆ ಸರಿದು ನೋಡುವಷ್ಟರಲ್ಲಿ ತಿರುಗಿ ಲೋಟಕ್ಕೆ ಕೈಚಾಚಿದ.

"ಏನ್ ಮಾಡ್ದೆ?"

"ಏನಿಲ್ಲ ಅತ್ತೆ, ಒಂದ್ ಸಣ್ಣ ಸೆಟ್ಟಿಂಗು."

"ಏನ್ ಸೆಟ್ಟಿಂಗು?"

"ಚಾರ್ಜಿಂಗ್ ವೋಲ್ಟೇಜು. ನಿಮಗೆ ಅರ್ಥ ಆಗಲ್ಲ ಬಿಡಿ."

"ನಿನ್ನ ಫೋನಲ್ಲಿ ಬ್ಯಾಟರಿದು ಎಲ್ಲಾ ಕಾಣುತ್ತಲ್ಲ, ಅದನ್ನ ನನ್ನ ಫೋನಿಗೂ ಹಾಕ್ಕೊಡು."

"ಅದ್ರಲ್ಲಿ ಕೈ ತಪ್ಪಿ ಏನಾದ್ರೂ ಒತ್ತಿದ್ರೆ ವಾರಂಟಿನೇ ಹೋಗ್ಬಿಡುತ್ತೆ ಅತ್ತೆ. ಪಾಸ್‌ವರ್ಡ್ ನನ್ನ ಹತ್ರಾನೇ ಇರ್ಲಿ."

ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು ಹೊರಟುಹೋದ. ನಮ್ಮನೆಗೆ ಬಂದರೆ ಊಟ ಮಾಡದೆ ಎದ್ದವನಲ್ಲ ಅವನು. ಆ ಮುಖವನ್ನು ನಾನು ಡೈರಿಯ ಸಾಲಿನಲ್ಲಿ ಸಾಕಷ್ಟು ಸಲ ನೋಡಿದ್ದೇನೆ.

ಆಮೇಲೆ ನಿಲ್ಲುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಕಾಶ ತೊಳೆದಿಟ್ಟಂತಿದ್ದ ದಿನಗಳಲ್ಲಿ ಮಾತ್ರ, ಒಂದು ಗಂಟೆಯ ಸುಮಾರಿಗೆ ಕೂಗಿ ನಿಲ್ಲುತ್ತಿತ್ತು. ಏನೂ ತಿಳಿಯದವನು ಗುಂಡಿ ಒತ್ತಿದರೆ ಹೀಗೆ ಅರ್ಧ ಸರಿಹೋಗುವುದಿಲ್ಲ. ಏನೋ ಗೊತ್ತಿದ್ದೂ ಹೇಳುತ್ತಿಲ್ಲ ಅನ್ನಿಸಿತು.

ಪಕ್ಕದ ಬೀದಿಯಲ್ಲಿ ಲೈನ್‌ಮನ್ ಆಗಿ ರಿಟೈರಾದವರೊಬ್ಬರಿದ್ದಾರೆ. ಊರಲ್ಲಿ ಯಾರ ಮನೆಗೆ ಸೋಲಾರ್ ಬಂದರೂ ಅವರಿಗೆ ಮುಖ ಸಣ್ಣಗಾಗುತ್ತದೆ; ಕಂಬದ ಕರೆಂಟೇ ಕರೆಂಟು ಅನ್ನುವವರು. ಅವರನ್ನು ಕರೆಯಬಾರದು ಎಂದುಕೊಂಡಿದ್ದೆ, ಕೊನೆಗೆ ಕರೆದೆ. ಬಂದವರು ಬ್ಯಾಟರಿಯ ಪೆಟ್ಟಿಗೆಯನ್ನು ಸುತ್ತು ಹಾಕಿ, ಬಗ್ಗಿ, ಟಾರ್ಚ್ ಬಿಟ್ಟು ನೋಡಿದರು.

"ನೋಡಮ್ಮ ಇಲ್ಲಿ. ಈ ಸ್ಕ್ರೂ ಮೇಲೆ ಗೀಚಿರೋದು ಕಾಣ್ತಾ? ಇದನ್ನ ಯಾರೋ ಬಿಚ್ಚವ್ರೆ."

ಕಂಡಿತು. ನಾಲ್ಕರಲ್ಲಿ ಒಂದು ಸ್ಕ್ರೂವಿನ ತಲೆ ಸವೆದು ಹೊಳೆಯುತ್ತಿತ್ತು.

"ಈಗ ಎಲ್ಲಾ ಇದೇ ದಂಧೆ. ಎಲೆಕ್ಟ್ರಿಕ್ ಆಟೋದಲ್ಲಿ ಓಡಿ ಸವೆದೋಗಿರೋ ಸೆಲ್ ಬಿಚ್ಚಿ, ಹೊಸ ಡಬ್ಬಕ್ಕೆ ತುಂಬಿ, ಹೊಸದು ಅಂತ ಕೊಡ್ತಾರೆ. ಅಳಿಯ ಅಂತ ನಂಬಿದ್ರಿ ನೀವು."

ಹಾಲಿಗೆ ನೀರು ಬೆರೆಸಿದರೆ ನೋಡಿ ಹೇಳಬಲ್ಲೆ. ಮುಚ್ಚಿದ ಕಬ್ಬಿಣದ ಡಬ್ಬದೊಳಗೆ ಏನಿದೆ ಎಂದು ಹೇಗೆ ಹೇಳಲಿ? ರೇಗುತ್ತಿದ್ದದ್ದು ಅದೇ. ದಿನಾ ಆ ಕೋಣೆಗೆ ಹೋಗಿ ಸುಮ್ಮನೆ ಆ ಡಬ್ಬವನ್ನು ನೋಡುತ್ತ ನಿಲ್ಲುತ್ತಿದ್ದೆ.

ಆ ವಾರವೇ ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಊಟವಾದ ಮೇಲೆ ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ಮನೆಯೊಡತಿ, "ನಾವೂ ಸೋಲಾರ್ ಹಾಕ್ಸ್ಬೇಕು ಅಂತಿದೀವಿ ಕಣಕ್ಕ, ನಿಮ್ಮಳಿಯನಿಗೇ ಹೇಳಣ ಅಂತ" ಎಂದಳು.

"ಹಾಕ್ಸಿ, ಬೇಡ ಅಂದೋರ್ಯಾರು" ಎಂದೆ. "ಬ್ಯಾಟರಿ ಹೊಸದಾ ಹಳೇದಾ ಅಂತ ಮಾತ್ರ ನೋಡ್ಕೊಂಡು ಹಾಕ್ಸ್ಕೊಳಿ."

ಒಂದಿಬ್ಬರು ನಕ್ಕರು. ಮನೆಯೊಡತಿ ನಗಲಿಲ್ಲ, ನನ್ನ ಹಿಂದೆ ನೋಡುತ್ತಿದ್ದಳು. ತಿರುಗಿದರೆ ನನ್ನ ಅತ್ತಿಗೆ, ಅಳಿಯನ ತಾಯಿ, ತಾಂಬೂಲದ ತಟ್ಟೆ ಹಿಡಿದು ನಿಂತಿದ್ದರು. ಎಲ್ಲರಿಗೂ ತಾಂಬೂಲ ಕೊಟ್ಟರು, ನನಗೂ ಕೊಟ್ಟರು. ನನ್ನ ಮುಖ ಮಾತ್ರ ನೋಡಲಿಲ್ಲ. ಆ ಮನೆಯ ಕೆಲಸ ಬೇರೆ ಯಾರಿಗೋ ಹೋಯಿತು ಎಂದು ಆಮೇಲೆ ತಿಳಿಯಿತು.

ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆವು, ನೆಲಮಂಗಲ ದಾಟಿತು. ಗಂಡ, "ಗೊತ್ತಿದ್ದು ಹೇಳಿದ್ಯಾ, ಊಹೆ ಮಾಡಿ ಹೇಳಿದ್ಯಾ?" ಎಂದು ಕೇಳಿದರು.

ಡೈರಿಯಲ್ಲಿ ಯಾರ ಹಾಲನ್ನೂ ಪರೀಕ್ಷೆ ಮಾಡದೆ ವಾಪಸ್ಸು ಕಳಿಸಿದವಳಲ್ಲ ನಾನು. ಇಲ್ಲಿ ಮಾತ್ರ ಒಂದು ಸ್ಕ್ರೂವಿನ ಗೀರು ನೋಡಿ ತೀರ್ಪು ಕೊಟ್ಟಿದ್ದೆ.

ಮರುದಿನ ಡೈರಿ ಮುಗಿಸಿ ಬಂದವಳೇ ಬ್ಯಾಟರಿಯ ಮುಂದೆ ಕೂತೆ. ಪೆಟ್ಟಿಗೆಯ ಬದಿಯ ಸ್ಟಿಕ್ಕರಿನಲ್ಲಿ ಕಂಪನಿಯ ಸಹಾಯವಾಣಿಯ ನಂಬರಿತ್ತು. ಫೋನ್ ಎತ್ತಿದ ಹುಡುಗಿ ಹುಬ್ಬಳ್ಳಿ ಕಡೆಯವಳಿರಬೇಕು. ಸೀರಿಯಲ್ ನಂಬರ್ ಕೇಳಿದಳು, ಓದಿ ಹೇಳಿದೆ. ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು.

"ಹಾಂ ಮೇಡಮ್ರೀ, ಸಿಕ್ತು. ಇದು ಈ ವರ್ಷ ಜನವರಿಯೊಳಗ ತಯಾರಾಗೇತ್ರಿ."

"ಹೊಸದೇನಮ್ಮ? ಒಳಗಿನ ಸೆಲ್ಲೂ ಹೊಸದೇನಾ? ಸ್ಕ್ರೂ ಬಿಚ್ಚಿದ ಹಾಗಿದೆ."

"ಹೊಸಾದೇರಿ. ಕಳಸೋ ಮುಂದ ನಮ್ಮವರಽ ಒಮ್ಮೆ ತೆಗೆದು ಚೆಕ್ ಮಾಡ್ತಾರ್ರೀ, ಅದಕ್ಕ ಗೀರು ಬಿದ್ದಿರಬೇಕು. ತೊಂದರಿ ಏನಾಗೇತಿ ಹೇಳ್ರಿ."

ಹೇಳಿದೆ: ಬಿಸಿಲಿದ್ದರೆ ನಿಲ್ಲುತ್ತದೆ, ಮೋಡವಿದ್ದರೆ ಇಲ್ಲ. ಅವಳು ನಗಲಿಲ್ಲ. ಹೀಗೆ ನಗದೆ ಕೇಳಿಸಿಕೊಂಡ ಮೊದಲನೆಯವಳು ಅವಳೇ.

"ಚಾರ್ಜಿಂಗ್ ವೋಲ್ಟೇಜ್ ಎಷ್ಟ ಇಟ್ಟಾರ್ರೀ?"

ಗೊತ್ತಿಲ್ಲ ಎಂದೆ. ಇನ್ವರ್ಟರಿನ ಯಾವ ಗುಂಡಿ ಒತ್ತಿ ಹಿಡಿಯಬೇಕು, ಯಾವುದನ್ನು ಎಷ್ಟು ಸಲ ಒತ್ತಬೇಕು, ಒಂದೊಂದಾಗಿ ಹೇಳಿಕೊಟ್ಟಳು. ಬರೀ ನೋಡಿರಿ, ಬದಲು ಮಾಡಬೇಡಿರಿ ಎಂದಳು. ಸಣ್ಣ ಪರದೆಯ ಮೇಲೆ ಐವತ್ನಾಲ್ಕು ಪಾಯಿಂಟ್ ನಾಲ್ಕು ಎಂದು ಬಂತು.

"ಹೆಚ್ಚಾತ್ರಿ. ನಿಮ್ದು ಹದಿನೈದು ಸೆಲ್ಲಿನ ಬ್ಯಾಟರಿ. ಐವತ್ಮೂರು ಪಾಯಿಂಟ್ ಎರಡಕ್ಕ ನಿಲ್ಲಬೇಕು. ತುಂಬಿದ ಮ್ಯಾಲೂ ಒತ್ತಿ ತುಂಬಿಸಿದ್ರ ಒಳಗಿನ ಬೋರ್ಡು ಸೆಲ್ ಸುಟ್ಟಾವು ಅಂತ ಬಾಗಲಾ ಹಾಕ್ಕೋತೈತಿ. ಪ್ಯಾನೆಲ್ಲಿಂದ ಬರೋದಕ್ಕ ಹೋಗಾಕ ಜಾಗಾ ಇರಂಗಿಲ್ಲ, ಇನ್ವರ್ಟರ್ ಬಂದ್ ಆಕ್ಕೈತಿ. ಮ್ವಾಡ ಇದ್ದ ದಿನ ಅಷ್ಟು ತುಂಬೂದಽ ಇಲ್ಲಲ್ರೀ, ಅದಕ್ಕ ಏನೂ ಆಗಂಗಿಲ್ಲ."

ಇಷ್ಟು ದಿನ ತಲೆಕೆಡಿಸಿದ್ದನ್ನು ಆ ಹುಡುಗಿ ಒಂದು ನಿಮಿಷದಲ್ಲಿ ಬಿಡಿಸಿಟ್ಟಳು. ಊರಿನ ಕರೆಂಟು ಇದ್ದಾಗಲೂ ಅದು ನಿಲ್ಲುತ್ತಲೇ ಇದ್ದಿರಬೇಕು; ಆಗ ಮನೆ ಕಂಬದ ಕರೆಂಟಿಗೆ ತಿರುಗುತ್ತಿದ್ದುದರಿಂದ ನಮಗೆ ತಿಳಿಯುತ್ತಿರಲಿಲ್ಲ. ಸರಿ ಎಂದು ಫೋನಿಟ್ಟೆ. ಆಮೇಲೆ ಹೊಳೆಯಿತು, ಹದಿನೈದು ಸೆಲ್ಲು ಎಂದಳಲ್ಲ!

ಬೀರುವಿನಲ್ಲಿ ಅಳಿಯ ಕೊಟ್ಟಿದ್ದ ಹಾಳೆಯಿತ್ತು. ಬ್ಯಾಟರಿ ಕೂರಿಸಿದ ದಿನ ಅರಿಶಿನ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟದ್ದು. ತೆಗೆದು ನೋಡಿದೆ. ಅವನದೇ ಅಕ್ಷರ, ಕೆಳಗೆ ಅವನದೇ ಸಹಿ. ಹದಿನಾರು ಸೆಲ್ಲು. ಚಾರ್ಜಿಂಗ್ ವೋಲ್ಟೇಜು ಐವತ್ತಾರು ಪಾಯಿಂಟ್ ನಾಲ್ಕು.

ಹದಿನಾರು ಎಂದು ಬರೆದುಕೊಟ್ಟು ಹದಿನೈದು ತಂದಿಟ್ಟಿದ್ದ. ಐವತ್ತಾರರಿಂದ ಐವತ್ನಾಲ್ಕಕ್ಕೆ ನನಗೆ ಬೆನ್ನು ಹಾಕಿ ಇಳಿಸಿದ್ದ. ಸಿಕ್ಕಿಬಿದ್ದ ಎನ್ನುವ ಖುಷಿ ಮೊದಲು ಬಂತು. ಅದರ ಹಿಂದೆಯೇ, ಹಳೇ ಸೆಲ್ಲು ಎಂದು ನಾನು ಅಷ್ಟು ಜನರ ಮುಂದೆ ಆಡಿದ್ದು ಸುಳ್ಳು ಎನ್ನುವುದೂ ಬಂತು.

ಭಾನುವಾರ ಅವನನ್ನು ಕರೆಸಿದೆ. ಗಂಡನೂ ಮನೆಯಲ್ಲಿದ್ದರು. ಹಾಳೆಯನ್ನು ಅವನ ಮುಂದಿಟ್ಟೆ.

"ಒಳಗೆ ಎಷ್ಟು ಸೆಲ್ಲಪ್ಪ ಇರೋದು?"

ಅವನು ಹಾಳೆಯನ್ನೇ ನೋಡುತ್ತ ಕೂತ. ಸುಳ್ಳು ಹೇಳುತ್ತಾನೋ ಏನೋ ಎಂದು ಕಾದೆ. ಹೇಳಲಿಲ್ಲ.

"ಹದಿನೈದು."

"ಮತ್ತೆ ಇದು?"

"ಹದಿನಾರರದ್ದು ಸ್ಟಾಕ್ ಇರ್ಲಿಲ್ಲ ಅತ್ತೆ. ಇನ್ನೂ ಒಂದು ತಿಂಗಳಾಗುತ್ತೆ ಅಂದ್ರು. ಮಾವ ಶಿವರಾತ್ರಿ ಒಳಗೆ ಆಗ್ಲೇಬೇಕು ಅಂತಿದ್ರು. ಅದೇ ಕಂಪನಿದು ಹದಿನೈದರದ್ದು ಸಿಕ್ತು, ತಂದ್ಬಿಟ್ಟೆ. ಹಾಳೆ ಮೊದ್ಲೇ ಬರೆದಿಟ್ಟಿದ್ದೆ."

ಗಂಡ ನನ್ನ ಮುಖ ನೋಡಿದರು. ಶಿವರಾತ್ರಿಯ ಅವಸರ ಅವರದೇ.

"ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಬಿಡ್ತಿದ್ರಾ ಅತ್ತೆ ನೀವು? ಬಿಚ್ಕೊಂಡ್ ಹೋಗು ಅಂತಿದ್ರಿ. ಎಲ್ಲಾ ಮನೆಗೂ ಹಾಕೋದು ಹದಿನಾರರದ್ದೇ. ವೋಲ್ಟೇಜ್ ಹಾಕ್ಬೇಕಾದ್ರೆ ಅದೇ ನಂಬರು ಕೈಗೆ ಬಂದ್ಬಿಡ್ತು. ನೀವು ಫೋನ್ ಮಾಡಿದ ಮೇಲೇ ನೆನಪಾಗಿದ್ದು."

"ಅವತ್ತು ಬಂದಾಗ ಇಳಿಸ್ದೆ. ಪೂರ್ತಿ ಯಾಕೆ ಇಳಿಸ್ಲಿಲ್ಲ?"

"ಮೂರು ವೋಲ್ಟ್ ಇಳಿಸಿದ್ರೆ ಅದು ಹದಿನೈದರ ನಂಬರೇ ಅಂತ ಗೊತ್ತಾಗ್ಬಿಡುತ್ತೆ, ಒಂದಲ್ಲ ಒಂದಿನ ಹಾಳೆ ತೆಗೆದು ಹೋಲಿಸಿ ನೋಡ್ತೀರಿ ಅಂತ ಭಯ ಆಯ್ತು. ಎರಡು ಇಳಿಸಿದ್ರೆ ಕೂಗೋದು ನಿಂತೋಗುತ್ತೆ ಅಂದ್ಕೊಂಡೆ. ಊರಿಗೆಲ್ಲ ನಿಮ್ಮ ಕಣ್ಣು ಅಂದ್ರೆ ಹೆದರಿಕೆ ಅತ್ತೆ. ನಂಗಿರಲ್ವಾ?"

ಬಯ್ಯಬೇಕೆಂದು ಕಾಯ್ದಿಟ್ಟುಕೊಂಡಿದ್ದ ಮಾತುಗಳೆಲ್ಲ ಇದ್ದವು. ಒಂದೆರಡು ಆಡಿದೆ. ಉಳಿದದ್ದನ್ನು ಬಿಟ್ಟೆ; ನನ್ನ ಮೇಲಿನ ಭಯಕ್ಕೇ ಅವನು ಅರ್ಧ ಸರಿಮಾಡಿ ಅರ್ಧ ಬಿಟ್ಟದ್ದಲ್ಲವೇ.

"ಏಳು. ಇವತ್ತು ನಾನೇ ಒತ್ತೀನಿ. ನೀನು ಹೇಳು" ಎಂದೆ.

ಮೂವರೂ ಹಿಂದಿನ ಕೋಣೆಗೆ ಹೋದೆವು. ಅವನು ತೋರಿಸಿದ ಸಾಲಿಗೆ ಹೋಗಿ ಒಂದೊಂದೇ ಅಂಕಿ ಇಳಿಸಿದೆ: ಐವತ್ಮೂರು ಪಾಯಿಂಟ್ ಎರಡು. ತುಂಬಿದ ಮೇಲೆ ಸುಮ್ಮನೆ ಹಿಡಿದಿಡುವ ವೋಲ್ಟೇಜು ಇನ್ನೊಂದಿತ್ತು, ಅದನ್ನು ಐವತ್ತೊಂದೂವರೆಗೆ ತಂದೆ. ಅವನು ಹೇಳಿದ ಪ್ರತಿ ಅಂಕಿಯನ್ನೂ ಒತ್ತುವ ಮೊದಲು ಸಹಾಯವಾಣಿಗೆ ಇನ್ನೊಂದು ಸಲ ಫೋನ್ ಮಾಡಿ ಕೇಳಿಕೊಂಡೆ. ಅವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಅವಮಾನವಾಗಿರಬೇಕು, ತೋರಿಸಿಕೊಳ್ಳಲಿಲ್ಲ.

ಆಮೇಲೆ ಆ ಆ್ಯಪನ್ನು ನನ್ನ ಫೋನಿಗೆ ಹಾಕಿ ಪಾಸ್‌ವರ್ಡ್ ಕೊಟ್ಟ. ಹದಿನೈದು ಸೆಲ್ಲುಗಳು ಹದಿನೈದು ಸಾಲಾಗಿ ಕಂಡವು. ಏಳನೆಯದು ಮಾತ್ರ ಉಳಿದವಕ್ಕಿಂತ ಮುಂದೆ ಓಡುತ್ತಿತ್ತು. ಮೊದಲು ತುಂಬಿ ಕಾವಲು ಬೋರ್ಡನ್ನು ಎಬ್ಬಿಸುತ್ತಿದ್ದದ್ದು ಅದೇ. "ಕಮ್ಮಿ ವೋಲ್ಟೇಜಲ್ಲಿ ಕೆಲವು ವಾರ ಓಡಿದ್ರೆ ಎಲ್ಲಾ ಸಮಕ್ಕೆ ಬರುತ್ತೆ ಅತ್ತೆ" ಎಂದ. ನೋಡೋಣ ಎಂದೆ.

ಹನ್ನೆರಡೂವರೆಗೆ ಮೇನ್ ಸ್ವಿಚ್ಚನ್ನು ನಾನೇ ಇಳಿಸಿದೆ. ಮೋಡದ ಚೂರೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಪರದೆಯ ಮೇಲೆ ಐವತ್ತೆರಡೂವರೆ, ಐವತ್ಮೂರು, ಐವತ್ಮೂರು ಪಾಯಿಂಟ್ ಎರಡು. ಅಲ್ಲಿಗೆ ನಿಂತಿತು. ಬ್ಯಾಟರಿಗೆ ಹೋಗುವ ಕರೆಂಟು ತಾನಾಗಿ ಇಳಿಯುತ್ತ ಬಂತು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಕೂಗಲಿಲ್ಲ. ಗಂಡ ಗೋಡೆಗೊರಗಿ ಅಲ್ಲೇ ತೂಕಡಿಸತೊಡಗಿದ್ದರು. ಅಳಿಯ ಅವತ್ತು ಊಟ ಮಾಡಿದ, ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಹದಿನೈದು ಎಂದು ಹೊಸ ಹಾಳೆ ಬರೆಸಿ ಸಹಿ ಹಾಕಿಸಿಕೊಂಡೆ. ಕಡಿಮೆಯಾದ ಒಂದು ಸೆಲ್ಲಿಗೆ ಬದಲಾಗಿ ಇನ್ನೊಂದು ಪ್ಯಾನೆಲ್ ಹಾಕಿಕೊಡುತ್ತೇನೆಂದ, ಹದಿನೈದು ದಿನದಲ್ಲಿ ಹಾಕಿಯೂ ಕೊಟ್ಟ.

ಉಳಿದದ್ದು ಅತ್ತಿಗೆ. ಒಂದು ಸಂಜೆ ಡೈರಿ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಾಯಿ ಕೈಗೆ ತೆಗೆದುಕೊಂಡೆ.

"ಅಕ್ಕ, ಹಳೇ ಬ್ಯಾಟರಿ ಅಂತ ನಾನು ಹೇಳಿದ್ದು ತಪ್ಪು."

"ಅಲ್ಲಿ ಅಷ್ಟು ಜನದ ಮುಂದೆ ಅಂದೆ. ಇಲ್ಲಿ ನನ್ನೊಬ್ಬಳ ಮುಂದೆ ತಪ್ಪು ಅಂತೀಯ" ಎಂದರು, ತಲೆ ಎತ್ತದೆ.

ಅಲ್ಲಿಂದಲೇ ಗೃಹಪ್ರವೇಶದ ಮನೆಯೊಡತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬ್ಯಾಟರಿ ಹೊಸದೇ, ನಾನು ತಿಳಿಯದೆ ಆಡಿದ್ದು ಎಂದು ಹೇಳಿದೆ. ಅವಳು, "ಅಯ್ಯೋ, ಬೇರೆಯೋರಿಗೆ ಕೊಟ್ಬಿಟ್ವಲ್ಲಕ್ಕ" ಎಂದಳು. ಅವಳಿಂದ ಮಾತು ಉಳಿದವರಿಗೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅತ್ತಿಗೆ ಒಂದೆರಡು ಕಾಯಿ ಬಿಡಿಸಿದರು, ಆಮೇಲೆ ಎದ್ದು ಒಳಗೆ ಹೋದರು. ಕಾಫಿ ತಂದಿಟ್ಟರು. ಮಗ ಹದಿನಾರು ಎಂದು ಬರೆದು ಹದಿನೈದು ಕೊಟ್ಟದ್ದನ್ನು ಅವರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ನನ್ನ ಭಾರ ಇಳಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

ಅಳಿಯನ ಮೇಲಿನ ಅನುಮಾನ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋದ ತಿಂಗಳು ಹೆಂಡತಿ ಮಕ್ಕಳೊಡನೆ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ. ಬಹಳ ದಿನದ ಮೇಲೆ ಮೊದಲಿನಂತೆ ನಗುತ್ತ ಮಾತಾಡುತ್ತಿದ್ದ. ನಾನು ಒಬ್ಬಟ್ಟು ಬೇಯಿಸುತ್ತಿದ್ದಾಗ ಹಿಂದಿನ ಕೋಣೆಯ ಬಾಗಿಲು ತೆರೆದ ಸದ್ದು ಕೇಳಿತು. ಒಲೆ ಸಣ್ಣ ಮಾಡಿ ಹೋದೆ. ಇನ್ವರ್ಟರಿನ ಮುಂದೆ ನಿಂತಿದ್ದ.

"ಏನ್ ನೋಡ್ತಿದೀಯ?"

"ಸುಮ್ನೆ ಅತ್ತೆ. ಏಳನೇದು ಸರಿಹೋಯ್ತಾ ಅಂತ."

"ಸರಿಹೋಗಿದೆ. ನಂಗೇ ಫೋನಲ್ಲಿ ಕಾಣುತ್ತೆ."

ತಲೆಯಾಡಿಸಿ ಹೊರಗೆ ಬಂದ. ಎಲ್ಲರೂ ಊಟ ಮಾಡಿದರು. ಅವರ ಕಾರು ತಿರುವು ದಾಟುವವರೆಗೆ ಗೇಟಿನಲ್ಲಿ ನಿಂತಿದ್ದು, ಒಳಗೆ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗುಂಡಿ ಒತ್ತಿ ಒಂದೊಂದೇ ಸಾಲು ನೋಡಿದೆ. ಯಾವುದೂ ಬದಲಾಗಿರಲಿಲ್ಲ. ನಾಚಿಕೆಯಾಯಿತು. ಆದರೂ ಕೊನೆಯ ಸಾಲಿನವರೆಗೂ ನೋಡಿಯೇ ಬಾಗಿಲು ಹಾಕಿದೆ.